ಪ್ರೋಟೀನ್ ಪುಡಿ ಬಿಡಿ, ಹುರುಳಿ ನೆನೆಹಾಕಿ

"ಬೆಂಗಳೂರಲ್ಲಿ ಒಬ್ಬನೇ ರೂಮು ಮಾಡಿಕೊಂಡಿದ್ದೀನಿ, ದಿನಸಿಗೆ ತಿಂಗಳಿಗೆ 3,000 ದಾಟಬಾರದು, ಓಟ್ಸು, ಪ್ರೋಟೀನ್ ಪುಡಿ ಕೈಗೆಟುಕಲ್ಲ, ಏನು ತಿನ್ನಲಿ?" ಅಂತ ಕೇಳಿದ್ದೀರಿ. ಅವೆರಡನ್ನೂ ಮೊದಲು ಚೀಟಿಯಿಂದ ಹೊಡೆದುಹಾಕಿ.

ನನ್ನ ರೂಮಿನ ದಿನಗಳಲ್ಲಿ ಕೈಹಿಡಿದದ್ದು ಹುರುಳಿಕಾಳು. 100 ಗ್ರಾಂ ಒಣ ಕಾಳಿನಲ್ಲಿ ಹೆಚ್ಚುಕಮ್ಮಿ 22 ಗ್ರಾಂ ಪ್ರೋಟೀನು, ಬೆಲೆ ಸಾಮಾನ್ಯವಾಗಿ ತೊಗರಿಬೇಳೆಗಿಂತ ಕಡಿಮೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೇ ದಿನಕ್ಕೆ ಮೊಳಕೆ. ಅದನ್ನು ಯಾವುದಾದರೂ ಅಗ್ಗದ ಸೊಪ್ಪಿನ ಜೊತೆ ಬೇಯಿಸಿ ಬಸಿಯಿರಿ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಬಸ್ಸಾರು, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸಲ ಒಲೆ ಹಚ್ಚಿ ಎರಡು ಅಡುಗೆ. ಬಸ್ಸಾರು ಮಾರನೇ ದಿನವೇ ಹೆಚ್ಚು ರುಚಿ, ಇದರಲ್ಲಿ ನನ್ನ ಹತ್ತಿರ ವಾದಕ್ಕೆ ಬರಬೇಡಿ! ಹುರುಳಿ ಉಷ್ಣ ಅಂತ ಅಮ್ಮ ಗದರಿದರೆ ಜೊತೆಗೊಂದು ಲೋಟ ಮಜ್ಜಿಗೆ.

ಮುದ್ದೆ ತಿರುವಲು ಬರದಿದ್ದರೆ ರಾಗಿ ರೊಟ್ಟಿ ತಟ್ಟಿ, ಇಲ್ಲ ಅಂಬಲಿ ಕಾಯಿಸಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಪ್ಯಾಕೆಟ್ ಹಿಟ್ಟಿಗಿಂತ ರಾಗಿ ತಂದು ಗಿರಣಿಯಲ್ಲಿ ಬೀಸಿಸುವುದು ಮೇಲು.

ಮೊಟ್ಟೆ ತಿನ್ನುವವರಾದರೆ ದಿನಕ್ಕೆರಡು ಸೇರಿಸಿ, ಇಲ್ಲದಿದ್ದರೆ ಒಂದು ಹಿಡಿ ಕಡಲೆಬೀಜ. ತರಕಾರಿಯನ್ನು ಆ್ಯಪಿನಲ್ಲಿ ತರಿಸಬೇಡಿ. ಕತ್ತಲಾಗುವ ಹೊತ್ತಿಗೆ ಗಾಡಿಯವರ ಹತ್ತಿರ ಹೋಗಿ, ಉಳಿದ ಸೊಪ್ಪನ್ನು ಅವರೇ ಅಗ್ಗಕ್ಕೆ ಕೊಟ್ಟುಬಿಡುತ್ತಾರೆ.

ಅಂದಹಾಗೆ, ರೂಮಿನಲ್ಲಿ ಕುಕ್ಕರ್ ಇದೆಯಾ? ಇದ್ದರೆ ತಿಳಿಸಿ, ಬಸ್ಸಾರಿನ ಖಾರದ ಅಳತೆ ಬರೆದು ಹಾಕ್ತೀನಿ.