ಸ್ಯಾಜಿಟಲ್, ಕೊರೋನಲ್, ಟ್ರಾನ್ಸ್‌ವರ್ಸ್: ಮೂರೂ ಕಲಸಿಹೋಗುತ್ತಿವೆ, ಏನು ಮಾಡಲಿ?

ನರ್ಸಿಂಗ್ ಮೊದಲ ವರ್ಷ, ದೇಹದ ಈ ಮೂರು ಪ್ಲೇನ್ (ಮೈಯನ್ನು ಸೀಳಿದಂತೆ ಊಹಿಸಿಕೊಳ್ಳುವ ಸಮತಲ) ತಲೆಗೆ ಹತ್ತುತ್ತಿಲ್ಲ, ರೋಗಿ ಮಲಗಿದ್ದರಂತೂ ಯಾವುದು ಯಾವುದು ಅಂತಲೇ ತಿಳಿಯಲ್ಲ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಹೆಸರು ಉರು ಹೊಡೆಯುವುದನ್ನು ಸದ್ಯ ಬಿಡಿ. ಮೊದಲು ಮೈ ಹೇಗೆ ನಿಂತಿದೆ ಅನ್ನುವುದು ಗಟ್ಟಿಯಾಗಲಿ.

ಶ್ರವಣಬೆಳಗೊಳದ ಗೊಮ್ಮಟನನ್ನು ನೋಡಿದ್ದೀರಲ್ವಾ? ನೆಟ್ಟಗೆ ನಿಲುವು, ಕೈ ಇಳಿಬಿಟ್ಟು, ಮುಖ ನೇರ ಉತ್ತರಕ್ಕೆ. ಅನಾಟಮಿಯ ನಿಲುವೂ ಹೆಚ್ಚುಕಡಿಮೆ ಅದೇ, ಅಂಗೈ ಮಾತ್ರ ಮುಂದಕ್ಕೆ ತಿರುಗಿರಬೇಕು, ಹೆಬ್ಬೆರಳು ಹೊರಗಡೆಗೆ. ಹಾಗಿದ್ದಾಗ ಮುಂಗೈಯ ಎರಡು ಮೂಳೆ ಪಕ್ಕಪಕ್ಕ ಇರುತ್ತವೆ. ಅಂಗೈ ಹಿಂದಕ್ಕೆ ತಿರುಗಿಸಿದರೆ ರೇಡಿಯಸ್ ಹೋಗಿ ಅಲ್ನಾ ಮೇಲೆ ಅಡ್ಡ ಬೀಳುತ್ತದೆ, ನಿಮ್ಮ ಕೈಯನ್ನೇ ಹಿಡಿದು ತಿರುಗಿಸಿ ನೋಡಿ.

ಈಗ ಮನಸ್ಸಿನಲ್ಲೇ ಆ ವಿಗ್ರಹಕ್ಕೆ ಗೆರೆ ಎಳೆಯಿರಿ. ಮೂಗಿನ ನೇರಕ್ಕೆ, ಉತ್ತರ-ದಕ್ಷಿಣವಾಗಿ, ತಲೆಯಿಂದ ಪಾದದವರೆಗೆ ಎಳೆದರೆ ಎಡ-ಬಲ ಬೇರೆಯಾಗುತ್ತವೆ, ಅದು ಸ್ಯಾಜಿಟಲ್. ಕಿವಿಯಿಂದ ಕಿವಿಗೆ, ಪೂರ್ವ-ಪಶ್ಚಿಮವಾಗಿ ಎಳೆದರೆ ಎದೆ ಒಂದು ಕಡೆ, ಬೆನ್ನು ಒಂದು ಕಡೆ: ಕೊರೋನಲ್. ಸೊಂಟದ ಸುತ್ತ ಅಡ್ಡಕ್ಕೆ ಎಳೆದರೆ ಟ್ರಾನ್ಸ್‌ವರ್ಸ್, ನಾವು ಸ್ಕ್ಯಾನ್ ರೂಮಿನಲ್ಲಿ ಆಕ್ಸಿಯಲ್ ಅನ್ನುವುದು ಇದನ್ನೇ.

ಸ್ಯಾಜಿಟಲ್ ಅಂದರೆ ನಟ್ಟನಡುವೆಯೇ ಅಂತೇನಿಲ್ಲ. ನಡುವಿನದು ಮಿಡ್‌ಸ್ಯಾಜಿಟಲ್. ಅದರಲ್ಲಿ ಬೆನ್ನುಮೂಳೆ ಸಾಲಾಗಿ ಚೆನ್ನಾಗಿ ಕಾಣುತ್ತದೆ, ಕಿಡ್ನಿ ಕಾಣುವುದಿಲ್ಲ. ಪಕ್ಕಕ್ಕೆ ಸರಿದರೆ ಒಂದು ಕಿಡ್ನಿ ಸಿಗುತ್ತದೆ. ಎರಡೂ ಒಟ್ಟಿಗೆ ಬೇಕಾದರೆ ಕೊರೋನಲ್‌ಗೋ ಟ್ರಾನ್ಸ್‌ವರ್ಸ್‌ಗೋ ಹೋಗಬೇಕು.

ಮಲಗಿದಾಗ ಗೊಂದಲ ಯಾಕೆ ಅಂದರೆ, ನೀವು ರೂಮಿನ ನೆಲ, ಗೋಡೆ ನೋಡಿ ಲೆಕ್ಕ ಹಾಕುತ್ತಿದ್ದೀರಿ. ಪ್ಲೇನ್ ಮೈಯ ಜೊತೆಗೇ ತಿರುಗುತ್ತದೆ. ಅಂಗಾತ ಮಲಗಿದವರಿಗೆ ನೆಲಕ್ಕೆ ಸಮವಾಗಿರುವುದು ಕೊರೋನಲ್, ಟ್ರಾನ್ಸ್‌ವರ್ಸ್ ಎದ್ದು ನಿಂತಿರುತ್ತದೆ.

ಎಡ-ಬಲ ಯಾವಾಗಲೂ ರೋಗಿಯದು, ನಮ್ಮದಲ್ಲ. ಗೊಮ್ಮಟನ ಎದುರು ನಿಂತರೆ ಅವನ ಬಲಗೈ ನಮ್ಮ ಎಡಕ್ಕೆ ಬರುತ್ತದಲ್ಲ, ಸಿಟಿ ಚಿತ್ರವೂ ಹಾಗೇ. ಆಕ್ಸಿಯಲ್ ಚಿತ್ರವನ್ನು ರೋಗಿಯ ಕಾಲ ಕಡೆಯಿಂದ ನೋಡಿದಂತೆ ತೋರಿಸುತ್ತಾರೆ, ಬಲಕ್ಕಿರುವ ಲಿವರ್ ಪರದೆಯ ಎಡಕ್ಕೆ ಬರುತ್ತದೆ. ಹೊಸಬರು ಬಂದರೆ ನಾನು ಮೊದಲು ಕೇಳುವುದೇ ಲಿವರ್ ಎಲ್ಲಿದೆ ತೋರಿಸಿ ಅಂತ.

ಪರೀಕ್ಷೆಯಲ್ಲಿ ಚಲನೆ ಕೇಳಿದರೆ ಸುಮ್ನೆ ಕತ್ತು ಆಡಿಸಿ ನೋಡಿ. ತಲೆ ಮೇಲೆ-ಕೆಳಗೆ ಆಡಿಸುವುದು ಸ್ಯಾಜಿಟಲ್, ಬೇಡ ಅಂತ ಆ ಕಡೆ ಈ ಕಡೆ ತಿರುಗಿಸುವುದು ಟ್ರಾನ್ಸ್‌ವರ್ಸ್. ನಮ್ಮವರು ‘ಆಯ್ತು ಬಿಡಿ’ ಅಂತ ಭುಜದ ಕಡೆಗೆ ತಲೆ ತೂಗುತ್ತಾರಲ್ಲ, ಅದು ಕೊರೋನಲ್.