ನನ್ನ ಸ್ಕೋಡಾ ಆಕ್ಟೇವಿಯಾ ಕಾರಿಗೆ ಅಡಾಪ್ಟಿವ್ ಹೆಡ್‌ಲೈಟ್ (ತಿರುವಿಗೆ ತಕ್ಕಂತೆ ತಿರುಗುವ ಲೈಟು) ಕೋಡಿಂಗ್, ಅಂದರೆ ಲ್ಯಾಪ್‌ಟಾಪಿನಿಂದ ಕಾರಿನ ಸೆಟ್ಟಿಂಗ್ ಬದಲಿಸಲು ಹೋದರೆ ಎರರ್ ಬರುತ್ತಿದೆ, ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸುವ ಬೇರೆ ಕೇಬಲ್ ತಗೊಳ್ಳಲಾ?

ಬೇಡ. "ರಿಕ್ವೆಸ್ಟ್ ಔಟ್ ಆಫ್ ರೇಂಜ್" ಬಂತು ಅಂತ ಬರೆದಿದ್ದೀರಲ್ಲ, ಓದಿದ ಕೂಡಲೇ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾಲ್ಕು ವರ್ಷದ ಹಿಂದೆ ಹುಬ್ಬಳ್ಳಿಯ ನವನಗರದ ನಮ್ಮ ಮನೆ ಮುಂದೆ, ರಾತ್ರಿ ಹನ್ನೊಂದಕ್ಕೆ, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನೂ ಇದನ್ನೇ ನೋಡುತ್ತಾ ಕೂತಿದ್ದೆ.

ನನ್ನದು 2014ರ ಆಕ್ಟೇವಿಯಾ, ಸೆಕೆಂಡ್ ಹ್ಯಾಂಡ್, ಹ್ಯಾಲೋಜನ್ ಲ್ಯಾಂಪಿನದು. ತಿಂಗಳಿಗೊಮ್ಮೆ ಅಂಕೋಲಾಕ್ಕೆ ಹೋಗಬೇಕು. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಕಾರು ಒಂದು ಕಡೆ ತಿರುಗುತ್ತದೆ, ಲೈಟು ಮಾತ್ರ ನೇರ ಕಾಡಿಗೆ ಬೀಳುತ್ತದೆ. ಅದಕ್ಕೇ ತಿರುವಿಗೆ ತಕ್ಕಂತೆ ತಿರುಗುವ ಝೆನಾನ್ ಜೋಡಿಯನ್ನು ಮುಂಬೈಯಿಂದ ತರಿಸಿದೆ. ಗೋಕುಲ ರಸ್ತೆಯ ಎಲೆಕ್ಟ್ರಿಷಿಯನ್ ಎರಡು ದಿನ ಕೂತು ವೈರಿಂಗ್ ಎಳೆದರು. 55ನೇ ಮಾಡ್ಯೂಲ್ (ಮಾಡ್ಯೂಲ್ ಅಂದರೆ ಕಾರಿನೊಳಗಿನ ಪುಟ್ಟ ಕಂಪ್ಯೂಟರ್, ಹೆಡ್‌ಲೈಟ್ ತಿರುವು, ಎತ್ತರ ನೋಡಿಕೊಳ್ಳುವುದು ಅದೇ), ಹಿಂದೆ ಮುಂದೆ ಲೆವೆಲ್ ಸೆನ್ಸರ್, ಎಲ್ಲಾ ಕೂರಿಸಿದರು. "ಕೋಡಿಂಗ್ ಒಂದ ಉಳದದ ರೀ ಸರ್. ನಾಳೆ ನಮ್ಮ ಹುಡುಗ ಬರ್ತಾನ, ಮಾಡಿಕೊಡ್ತಾನ" ಅಂದರು.

ನಾಳೆವರೆಗೆ ಕಾಯುವ ತಾಳ್ಮೆ ನನಗೆಲ್ಲಿ?

ಆಗ ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಕಾರಿನಲ್ಲಿ ಲೈಟು, ಲಾಕು, ವೈಪರ್ ಎಲ್ಲಾ 09ನೇ ಮಾಡ್ಯೂಲಿನ ಕೈಯಲ್ಲಿ. ಅದರ ಲಾಂಗ್ ಕೋಡಿಂಗ್ 30 ಬೈಟ್, ಪರದೆಯ ಮೇಲೆ 60 ಅಕ್ಷರದ ಒಂದು ಸಾಲು. ಒಂದು ಬೈಟಿಗೆ ಎಂಟು ಬಿಟ್, ಅಂದರೆ ಒಟ್ಟು 240 ಪುಟ್ಟ ಸ್ವಿಚ್ಚು. ಯುರೋಪಿನ ಯಾರೋ ಒಬ್ಬ "ನನ್ನ ಕಾರೂ ಇದೇ, ಲ್ಯಾಂಪೂ ಇದೇ" ಅಂತ ತನ್ನ ಪೂರ್ತಿ ಸಾಲನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದ. ಕಾಪಿ ಮಾಡಿದೆ, ಪೇಸ್ಟ್ ಮಾಡಿದೆ. ಕೋಡಿಂಗ್ ಒಪ್ಪಿಕೊಂಡಿತು. ಖುಷಿಯೋ ಖುಷಿ.

ನನ್ನ ಕಾರಿನದೇ 60 ಅಕ್ಷರ ಅದೇ ಡಬ್ಬಿಯಲ್ಲಿ, ಕಣ್ಣೆದುರಿಗೆ ಇತ್ತು. ಅದರ ಮೇಲೆಯೇ ಪೇಸ್ಟ್ ಹೊಡೆದೆ. ಬರೆದುಕೊಳ್ಳಲಿಲ್ಲ. ಮೊಬೈಲಿನಲ್ಲಿ ಒಂದು ಫೋಟೋ ಹೊಡೆಯಲಿಲ್ಲ. ಮೊಬೈಲು ಪಕ್ಕದ ಸೀಟಿನಲ್ಲೇ ಬಿದ್ದಿತ್ತು, ಟಾರ್ಚ್ ಕೂಡ ಆನ್ ಇತ್ತು! ಲ್ಯಾಂಪಿಗೆ ಬೇಕಿದ್ದದ್ದು ಬೆರಳೆಣಿಕೆಯಷ್ಟು ಸ್ವಿಚ್ಚು. ಉಳಿದ ಇನ್ನೂರು ಚಿಲ್ಲರೆ ಸ್ವಿಚ್ಚುಗಳನ್ನೂ ಎಡಗಡೆ ಸ್ಟಿಯರಿಂಗ್ ಇರುವ ಪರದೇಶದ ಕಾರಿನಂತೆ ಬದಲಿಸಿಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ನನ್ನ ಕಾರಿಗೆ ಇಲ್ಲವೇ ಇಲ್ಲದ ಬಲ್ಬು ಸುಟ್ಟಿದೆ ಅಂತ ಡ್ಯಾಶ್‌ಬೋರ್ಡ್ ಹೇಳುತ್ತಿತ್ತು. ಫಾಗ್ ಲ್ಯಾಂಪ್ ಹತ್ತಲೇ ಇಲ್ಲ. ಹೆಡ್‌ಲೈಟಂತೂ ಬಿಡಿ, ಅಲ್ಲಾಡಲೂ ಇಲ್ಲ.

ಎಲೆಕ್ಟ್ರಿಷಿಯನ್ ಬೈಯಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, "ಮಂದಿ ಚಾಳೀಸು ಹಾಕ್ಕೊಂಡು ರಸ್ತೆ ಕಾಣವಲ್ದು ಅಂದ್ರ ಹ್ಯಾಂಗ್ರೀ ಸರ್?" ಅಂದರು. ಇಲ್ಲಿನದೇ, ಅದೇ ವೇರಿಯಂಟಿನ ಇನ್ನೊಂದು ಕಾರನ್ನು ಹುಡುಕಿ, ಅದರ ಸಾಲಿನ ಜೊತೆ ಒಂದೊಂದೇ ಬೈಟ್ ತಾಳೆ ನೋಡಿ ಸರಿ ಮಾಡಲು ಒಂಬತ್ತು ದಿನ ಹಿಡಿಯಿತು. ಹದಿನಾಲ್ಕು ಸಾವಿರ ರೂಪಾಯಿ ಹೋಯಿತು. ಕೋಡಿಂಗ್ ಮಾಡುವ ಸಾಫ್ಟ್‌ವೇರ್ ವಿಸಿಡಿಎಸ್‌ನಲ್ಲಿ ಒಂದು ಆಟೋಸ್ಕ್ಯಾನ್ (ಎಲ್ಲಾ ಮಾಡ್ಯೂಲನ್ನೂ ಒಮ್ಮೆ ಓದಿಸುವುದು) ಹಾಕಿ ಫೈಲ್ ಉಳಿಸಿದ್ದರೆ ಎಲ್ಲಾ ಮಾಡ್ಯೂಲಿನ ಕೋಡಿಂಗೂ ಅದರಲ್ಲೇ ಇರುತ್ತಿತ್ತು. ಅಡಾಪ್ಟೇಶನ್ ಲೆಕ್ಕಗಳು (ಕೋಡಿಂಗ್ ಸಾಲಿನ ಹೊರಗಿನ ಸೆಟ್ಟಿಂಗ್‌ಗಳು) ಮಾತ್ರ ಅದರಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿ ಉಳಿಸಬೇಕು.

ಈಗ ನಿಮ್ಮ ಎರರ್. "ರಿಕ್ವೆಸ್ಟ್ ಔಟ್ ಆಫ್ ರೇಂಜ್" ಅಂದರೆ ಕೇಬಲ್ ಚೆನ್ನಾಗಿಯೇ ಮಾತಾಡುತ್ತಿದೆ, ನೀವು ಕೇಳಿದ್ದು ತನ್ನಲ್ಲಿ ಇಲ್ಲ, ಇಲ್ಲವೇ ನೀವು ಕೊಟ್ಟ ಕೋಡಿಂಗ್ ತನಗೆ ಒಗ್ಗುವುದಿಲ್ಲ ಅಂತ ಮಾಡ್ಯೂಲ್ ಹೇಳುತ್ತಿದೆ. ಸೆಕ್ಯುರಿಟಿ ಆಕ್ಸೆಸ್ ಇಲ್ಲ ಅಂತ ಬಂದಿದ್ದರೆ ಲಾಗಿನ್ ಕೋಡ್ ಕೊಟ್ಟಿಲ್ಲ ಅಂತ ಅರ್ಥ. "ಕಂಡೀಶನ್ಸ್ ನಾಟ್ ಕರೆಕ್ಟ್" ಬಂದಿದ್ದರೆ ಮೊದಲು ಇಗ್ನಿಶನ್ನು, ಬ್ಯಾಟರಿ ನೋಡಿ ಅನ್ನುತ್ತಿದ್ದೆ. ಇಗ್ನಿಶನ್ ಆನ್ ಇಟ್ಟುಕೊಂಡು ಅರ್ಧ ಗಂಟೆ ಕೂತರೆ ವೋಲ್ಟೇಜ್ ಇಳಿಯುತ್ತದೆ, ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡಿ. ನಿಮಗೆ ಬಂದಿರುವುದು ಮೊದಲನೆಯದು. ಲ್ಯಾಂಪ್ ಬದಲಿಸಿದ್ದೇನೆ ಅಂತ ನೀವು ಎಲ್ಲೂ ಬರೆದಿಲ್ಲ. ಹಾಗಾದರೆ ಒಳಗೆ ತಿರುಗಿಸುವ ಮೋಟಾರೇ ಇರಲಿಕ್ಕಿಲ್ಲ. ಕೋಡಿಂಗ್ ಮಾಡಿದರೆ ಮೋಟಾರ್ ಮೊಳೆಯುವುದಿಲ್ಲ ಸರ್.

ಲ್ಯಾಂಪ್ ತರಿಸುವುದೇ ಆದರೆ ಗಾಜಿನ ಮೇಲಿನ ಗುರುತು ನೋಡಿ. ಎದುರಿಗೆ ನಿಂತು ನೋಡಿದಾಗ ನಿಮ್ಮ ಬಲಕ್ಕೆ ತೋರಿಸುವ ಬಾಣ ಇದ್ದರೆ ನಮ್ಮಂಥ ಎಡಬದಿ ಸಂಚಾರದ್ದು. ಬಾಣವೇ ಇಲ್ಲದಿದ್ದರೆ ಬಲಬದಿ ದೇಶದ್ದು, ಅದರ ಡಿಪ್ ಲೈಟು ಎದುರು ಬರುವವನ ಕಣ್ಣಿಗೇ ಏರುತ್ತದೆ. ಕೂರಿಸಿದ ಮೇಲೆ ಸಮತಟ್ಟು ಜಾಗದಲ್ಲಿ ಡಿಕ್ಕಿ ಖಾಲಿ ಮಾಡಿ ಬೇಸಿಕ್ ಸೆಟ್ಟಿಂಗ್ (ಲೈಟಿನ ಸರಿಯಾದ ಮಟ್ಟ ಯಾವುದು ಅಂತ 55ಕ್ಕೆ ಕಲಿಸುವುದು) ಮಾಡಿಸಲೇಬೇಕು. ಇಲ್ಲದಿದ್ದರೆ 55ರಲ್ಲಿ ಎರರ್ ಅಳಿಸಿದಷ್ಟೂ ವಾಪಸ್ ಬರುತ್ತದೆ.

ಇನ್ನೊಂದು, ಸಿಟ್ಟು ಮಾಡಿಕೊಳ್ಳಬೇಡಿ. ದಿನಾ ಹುಬ್ಬಳ್ಳಿಯಿಂದ ಗದಗಕ್ಕೆ ಓಡಾಡುತ್ತೇನೆ ಅಂದಿದ್ದೀರಿ. ಅಣ್ಣಿಗೇರಿ ಕಡೆಯ ಆ ರಸ್ತೆ ಕರಿಮಣ್ಣಿನ ಮೇಲೆ ದಾರ ಎಳೆದಂತೆ ಇದೆ, ಲೈಟು ತಿರುಗುವುದಾದರೂ ಎಲ್ಲಿಗೆ? ಅಲ್ಲಿ ಹೆದರಬೇಕಾದ್ದು ಹಿಂದಿನ ಲೈಟಿಲ್ಲದ ಟ್ರ್ಯಾಕ್ಟರಿಗೆ. ಅದಕ್ಕೆ ಮಬ್ಬಾದ ಲ್ಯಾಂಪಿನ ಕವರ್ ಪಾಲಿಶ್ ಮಾಡಿಸಿ, ಹೊಸ ಬಲ್ಬ್ ಹಾಕಿಸಿ, ಎತ್ತರ ಸರಿ ಮಾಡಿಸಿ. ನಾನಾಗಿದ್ದರೆ ಅಷ್ಟಕ್ಕೇ ನಿಲ್ಲಿಸುತ್ತಿದ್ದೆ.

ಇಲ್ಲ, ಮಾಡಿಯೇ ತೀರುತ್ತೇನೆ ಅಂದರೆ ಈಗಲೇ ಆಟೋಸ್ಕ್ಯಾನ್ ಹಾಕಿ ಉಳಿಸಿ, 55ರ ಸಾಲಿನಲ್ಲಿ ಏನಿದೆ ಅಂತ ತಿಳಿಸಿ. 55 ಪಟ್ಟಿಯಲ್ಲೇ ಇಲ್ಲದಿದ್ದರೆ ಅದನ್ನೂ ಹೇಳಿ. ಅಲ್ಲಿವರೆಗೆ ಆ ಹೊಸ ಕೇಬಲ್ ಆರ್ಡರ್ ಮಾಡಬೇಡಿ.