ಮೂರರ ಪಕ್ಕದಲ್ಲಿ ಬ್ರಾಕೆಟ್

ಒಂದೇ ಥರದ ಮಕ್ಕಳು ನನ್ನ ಬಳಿ ಸಲಹೆಗೆ ಮತ್ತೆ ಮತ್ತೆ ಬರುತ್ತಿದ್ದಾರೆ. ವಯಸ್ಸು 11ರಿಂದ 13. ಅಲ್ಲಿವರೆಗೂ ಲೆಕ್ಕದಲ್ಲಿ ಚೆನ್ನಾಗಿಯೇ ಇದ್ದವರು. ಬ್ರಾಕೆಟ್, ಬೀಜಗಣಿತ ಶುರುವಾದ ವರ್ಷ ಇದ್ದಕ್ಕಿದ್ದ ಹಾಗೆ ಹಿಂದೆ ಬಿದ್ದವರು. ಮನೆಯವರು ಹೇಳುವ ಕಾರಣವೂ ಒಂದೇ: "ಗಮನ ಇಲ್ಲ ಮೇಡಂ. ಬುದ್ಧಿ ಇದೆ, ಗಮನ ಇಲ್ಲ." ಈ ಮಾತು ಎಷ್ಟೋ ಸಲ ಸುಳ್ಳಾಗಿರುತ್ತದೆ. ಅದನ್ನು ಹೇಳಲೇಬೇಕು ಅನ್ನಿಸಿ ಈ ಪ್ರಕರಣ ಬರೆಯುತ್ತಿದ್ದೇನೆ. ಹುಡುಗಿಯ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕಗಳನ್ನು ಮಾತ್ರ ಅವಳು ಬರೆದ ಹಾಗೇ ಇಟ್ಟಿದ್ದೇನೆ.

ಹನ್ನೆರಡು ವರ್ಷದ ಹುಡುಗಿ. ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ತೊಂದರೆ ಇಲ್ಲ ಅಂದಿದ್ದರು. ಅಂಕ ಬಂದ ಉತ್ತರಪತ್ರಿಕೆಗಳನ್ನು ಸಣ್ಣದಾಗಿ ಮಡಚಿ ಬ್ಯಾಗಿನ ತಳದಲ್ಲಿ ಇಡುತ್ತಿದ್ದಳು. ತಂದೆ ದಿನಾ ರಾತ್ರಿ ಮೊಬೈಲಿನಲ್ಲಿ ಬರುವ ಒಗಟಿನ ಲೆಕ್ಕಗಳನ್ನು ಕೊಟ್ಟು ಅಭ್ಯಾಸ ಮಾಡಿಸುತ್ತಿದ್ದರು. ತಪ್ಪಾದರೆ ಬೈಯುತ್ತಿರಲಿಲ್ಲ, ಸುಮ್ನೆ ಒಂದು ನಿಟ್ಟುಸಿರು ಬಿಡುತ್ತಿದ್ದರು. ಅವಳಿಗೆ ಬೈಗುಳಕ್ಕಿಂತ ಅದೇ ಜಾಸ್ತಿ ನೋಯಿಸುತ್ತಿತ್ತು. ಮೊದಲ ಎರಡು ಭೇಟಿಯಲ್ಲಿ ಏನು ಕೇಳಿದರೂ ಒಂದೇ ಉತ್ತರ: "ನಾನು ಕೇರ್‌ಲೆಸ್ ಆಂಟಿ."

ಮೂರನೇ ಸಲ ಉತ್ತರಪತ್ರಿಕೆಗಳನ್ನು ತರಲು ಹೇಳಿದೆ. ಮಡಿಕೆ ಬಿಡಿಸಿ ಮೇಜಿನ ಮೇಲೆ ಹರಡಿದೆವು. 3(4+2) ಇತ್ತು, ಅವಳ ಉತ್ತರ 9. 4(2+5), ಉತ್ತರ 11. 10(1+1), ಉತ್ತರ 12. ಕೆಂಪು ಶಾಯಿಯಲ್ಲಿ ಅಡ್ಡಗೀಟು, ಪಕ್ಕದಲ್ಲಿ "ಅಜಾಗರೂಕತೆ" ಅಂತ ಷರಾ.

ನನಗೆ ಅಲ್ಲೇ ಅನುಮಾನ ಬಂತು. ಗಮನವಿಲ್ಲದೆ ಆಗುವ ತಪ್ಪು ಒಂದು ಸಲ ಈ ಕಡೆ, ಇನ್ನೊಂದು ಸಲ ಆ ಕಡೆ ಹೋಗುತ್ತದೆ. ಇವಳ ತಪ್ಪು ಪ್ರತಿ ಸಲವೂ ಒಂದೇ ದಾರಿಯಲ್ಲಿ ಹೋಗಿತ್ತು. ಒಂದು ತಪ್ಪು ಇಷ್ಟು ಅಚ್ಚುಕಟ್ಟಾಗಿ ಮರುಕಳಿಸಿದರೆ ಅದರ ಹಿಂದೆ ಒಂದು ಯೋಚನೆ ಇದೆ ಅಂತಲೇ ಅರ್ಥ.

"ಇದು ತಪ್ಪೋ ಸರಿಯೋ ಬಿಡು. ಒಂಬತ್ತು ಹೇಗೆ ಬಂತು, ನನಗೆ ಹೇಳ್ಕೊಡು" ಅಂದೆ.

"ಬ್ರಾಕೆಟ್ ಒಳಗಿನದು ಮೊದಲು. ನಾಲ್ಕು, ಎರಡು, ಆರು. ಆಮೇಲೆ ಪಕ್ಕದಲ್ಲಿ ಮೂರಿದೆ. ಸೇರಿಸಿದೆ."

"ಯಾಕೆ ಸೇರಿಸಿದೆ?"

ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಪೆನ್ಸಿಲ್ ತಗೊಂಡು ಹಾಳೆಯ ಮೂಲೆಯಲ್ಲಿ 2½ ಅಂತ ಬರೆದಳು. "ಇದು ಎರಡೂವರೆ ಅಲ್ವಾ? ಎರಡು, ಮತ್ತೆ ಅರ್ಧ. ಪಕ್ಕದಲ್ಲಿದೆ ಅಂತ ಸೇರಿಸ್ತೀವಿ." ಅದರ ಕೆಳಗೆ 35 ಬರೆದಳು. "ಇದೂ ಮೂವತ್ತು, ಮತ್ತೆ ಐದು. ಪಕ್ಕ ಪಕ್ಕ ಇದ್ರೆ ಎಲ್ಲಾ ಕಡೆ ಸೇರಿಸೋದೇ ಆಂಟಿ. ಬ್ರಾಕೆಟ್ ಬಂದ ತಕ್ಷಣ ಯಾಕೆ ಬೇರೆ ಆಗುತ್ತೆ?"

ಇಷ್ಟು ವರ್ಷದಲ್ಲಿ ಇಷ್ಟು ಚಂದದ ವಾದವನ್ನು ನಾನು ಕಡಿಮೆ ಕೇಳಿದ್ದೇನೆ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಐದಾರು ವರ್ಷ ಶಾಲೆ ಅವಳಿಗೆ ಕಲಿಸಿದ್ದು ಅದನ್ನೇ. ಮಿಶ್ರ ಭಿನ್ನರಾಶಿಯಲ್ಲಿ 2½ ಅಂದರೆ 2+½. ಅದೇ ½ಕ್ಕೆ ಬ್ರಾಕೆಟ್ ಹಾಕಿ 2(½) ಅಂತ ಬರೆದರೆ ಉತ್ತರ 1. ಎರಡೂವರೆ ಒಂದಾಗಿಬಿಟ್ಟಿತು! ಮಧ್ಯದಲ್ಲಿ ಚಿಹ್ನೆ ಇಲ್ಲದ ಜಾಗದ ಅರ್ಥವೇ ಬದಲಾಯಿತು. ಬದಲಾಯಿತು ಅಂತ ಇವಳಿಗೆ ಯಾರೂ ಹೇಳಲಿಲ್ಲ.

ನಾನು ಕೇಳಿದೆ: "ಮುನ್ನೂರು ಅನ್ನು. ಅದರಲ್ಲಿ ಯಾವ ಯಾವ ಸಂಖ್ಯೆ ಇದೆ?"

"ಮೂರು. ನೂರು."

"ಪಕ್ಕ ಪಕ್ಕ ಇವೆ. ಸೇರಿಸು."

"ನೂರಾ ಮೂ..." ಅಲ್ಲಿಗೇ ನಿಂತಳು. "ಇಲ್ಲ. ಮುನ್ನೂರು ಅಂದ್ರೆ ಮೂರು ನೂರು. ಇದು ಗುಣಿಸಿದ್ದು!"

ಮಾತಿನಲ್ಲಿ ಎರಡೂ ಇದೆ. ನೂರಾ ಮೂರರಲ್ಲಿ ಕೂಡುತ್ತೇವೆ, ಮುನ್ನೂರರಲ್ಲಿ ಗುಣಿಸುತ್ತೇವೆ. ಚಿಕ್ಕ ವಯಸ್ಸಿನಿಂದ ಕೇಳಿ ಬಂದಿರುವುದರಿಂದ ಯಾವ ಮಗುವೂ ಅಲ್ಲಿ ಎಡವುವುದಿಲ್ಲ. ಅವಳು ತಾನಾಗಿಯೇ 3(6) ಮೇಲೆ ಬೆರಳಿಟ್ಟಳು. "ಹಾಗಾದ್ರೆ ಇದು ಮೂರು ಆರುಗಳು. ಹದಿನೆಂಟು."

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಅವಳ ಪ್ರಶ್ನೆ ಹಾಗೇ ಉಳಿದಿತ್ತು: ಚಿಹ್ನೆ ಯಾಕೆ ಬಿಟ್ಟರು? ಗೊತ್ತಿದ್ದಷ್ಟು ಹೇಳಿದೆ. ಗುಣಾಕಾರಕ್ಕೆ × ಚಿಹ್ನೆಯನ್ನು ಇಂಗ್ಲೆಂಡಿನ ವಿಲಿಯಂ ಔಟ್ರೆಡ್ 1631ರಲ್ಲಿ ತಮ್ಮ ಪುಸ್ತಕದಲ್ಲಿ ಬಳಸಿದರು. 1637ರಲ್ಲಿ ಫ್ರೆಂಚ್ ಗಣಿತಜ್ಞ ಡೆಕಾರ್ಟ್ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಅಕ್ಷರ ಬಳಸಿದ ಪುಸ್ತಕ ಬಂತು. ಕೈಬರಹದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಲೈಬ್ನಿಟ್ಸ್‌ನಂಥ ದೊಡ್ಡ ಗಣಿತಜ್ಞ 1698ರಲ್ಲಿ ಇನ್ನೊಬ್ಬ ಗಣಿತಜ್ಞ ಜೋಹಾನ್ ಬರ್ನೂಲಿಗೆ ಬರೆದ ಪತ್ರದಲ್ಲಿ ಇದೇ ತಕರಾರು ಹೇಳಿದ್ದಾನೆ. × ನನಗೆ ಇಷ್ಟವಿಲ್ಲ, ಅದು ಎಕ್ಸ್ ಜೊತೆ ಕಲೆಸಿಹೋಗುತ್ತದೆ ಅಂತ. ಅವನು ಬರೀ ಚುಕ್ಕಿ ಇಡುತ್ತಿದ್ದ. ಬೀಜಗಣಿತದಲ್ಲಿ ಚಿಹ್ನೆಯನ್ನೇ ಬಿಡುವ ರೂಢಿಯೂ ಇತ್ತು. ಈಗ ನಾವು ಹಾಗೇ ಬರೆಯುತ್ತೇವೆ.

"ಅಂದ್ರೆ ಇದು ದೊಡ್ಡವರು ಮಾತಾಡಿಕೊಂಡಿದ್ದಾ?"

"ಹೌದು."

"ನನಗೆ ಯಾರೂ ಹೇಳ್ಲೇ ಇಲ್ಲ ಆಂಟಿ" ಅಂದಳು. ಅವಳ ಕಣ್ಣು ತುಂಬಿತು. ನಾನು ಸುಮ್ಮನೆ ಕೂತೆ. ಅದು ಸೋಲಿನ ಅಳು ಅಲ್ಲ ಅಂತ ಗೊತ್ತಾಗುತ್ತಿತ್ತು.

ನನ್ನ ಸಲಹೆಯೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ. ಮೂರಾರು ಹದಿನೆಂಟು ಅನ್ನುವುದು ಸತ್ಯ. ಕಲ್ಲು ಜೋಡಿಸಿ ಎಣಿಸಿದರೆ ಯಾವ ಮಗುವಿಗೂ ಸಿಗುತ್ತದೆ. 3(6) ಅಂದರೆ ಮೂರಾರು ಅನ್ನುವುದು ಒಪ್ಪಂದ. ಎಷ್ಟು ಯೋಚಿಸಿದರೂ ಅದು ತಾನಾಗಿ ಹೊಳೆಯುವುದಿಲ್ಲ, ಯಾರಾದರೂ ಹೇಳಬೇಕು. ಸತ್ಯವನ್ನೂ ಒಪ್ಪಂದವನ್ನೂ ಒಂದೇ ದನಿಯಲ್ಲಿ ಕಲಿಸಿದರೆ, ಯೋಚಿಸುವ ಮಗುವೇ ಮೊದಲು ಎಡವುತ್ತದೆ. ಹೇಳಿದ್ದನ್ನು ಹಾಗೇ ನಕಲು ಮಾಡುವ ಮಗು ಪಾಸಾಗುತ್ತದೆ. ಇದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸಲಹೆ ಸರಳವಾಗಿತ್ತು. ಟ್ಯೂಷನ್ ಬೇಡ ಅಂದೆ. ಮೂರು ವಾರ, ಲೆಕ್ಕ ಶುರು ಮಾಡುವ ಮೊದಲು ಚಿಹ್ನೆ ಇಲ್ಲದ ಜಾಗ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣ × ಹಾಕಬೇಕು. ಆಮೇಲೆ ಅದನ್ನು ಬಾಯಿಬಿಟ್ಟು ಓದಬೇಕು: "ಮೂರು ಸಲ, ನಾಲ್ಕೂ ಎರಡೂ ಸೇರಿದ್ದು." 2½ರಂಥದ್ದು ಬಂದರೆ ಬಿಡಿಸಿ 2+½ ಅಂತ ಬರೆದುಕೊಳ್ಳಬೇಕು.

ಒಂದನ್ನು ಮಾತ್ರ ಕಡ್ಡಾಯವಾಗಿ ಬೇಡ ಅಂದೆ. "ಬ್ರಾಕೆಟ್ ಅಂದರೆ ಗುಣಾಕಾರ" ಅಂತ ಹೇಳಿಕೊಡಬೇಡಿ. ತಾಯಿ ಆಗಲೇ ಹಾಗೆ ಹೇಳಲು ಹೊರಟಿದ್ದರು. ಅವರದು ಒಳ್ಳೆಯ ಉದ್ದೇಶವೇ. ಆದರೆ ಆ ಸುಲಭದ ದಾರಿ ಮುಂದೆ ಇನ್ನೂ ದೊಡ್ಡ ಗುಂಡಿಗೆ ಕರೆದುಕೊಂಡು ಹೋಗುತ್ತದೆ. 7−(2+1) ನೋಡಿ. ಬ್ರಾಕೆಟ್ ಇದೆ, ಗುಣಾಕಾರ ಎಲ್ಲೂ ಇಲ್ಲ, ಉತ್ತರ 4. ಇದನ್ನು 21 ಅಂತ ಬರೆದ ಮಕ್ಕಳನ್ನೂ ನೋಡಿದ್ದೇನೆ. ಬ್ರಾಕೆಟ್ ಮಾಡುವ ಕೆಲಸ ಗಂಟು ಕಟ್ಟುವುದು ಅಷ್ಟೇ. ಒಳಗಿರುವುದನ್ನೆಲ್ಲ ಒಂದೇ ಅಂತ ನೋಡು ಅನ್ನುತ್ತದೆ. ಗುಣಿಸು ಅನ್ನುವುದು ಗಂಟಿನ ಪಕ್ಕದ ಖಾಲಿ ಜಾಗ. 5−3 ಅಂದರೆ 2, 5(−3) ಅಂದರೆ −15. ಅಂಕಿ ಅವೇ, ಗಂಟು ಮಾತ್ರ ಬೇರೆ.

ತಂದೆಯ ಜೊತೆ ಬೇರೆಯಾಗಿ ಮಾತಾಡಿದೆ. ಅವರು ಕೊಡುತ್ತಿದ್ದ ಲೆಕ್ಕಗಳಲ್ಲಿ 8÷2(2+2) ಕೂಡ ಒಂದು. 2019ರಲ್ಲಿ ಇಂಟರ್‌ನೆಟ್‌ನಲ್ಲೆಲ್ಲ ಜಗಳ ಎಬ್ಬಿಸಿದ ಲೆಕ್ಕ. ಉತ್ತರ 16 ಅನ್ನುವುದು ಅವರ ಪಟ್ಟು. ಎಡದಿಂದ ಬಲಕ್ಕೆ ಹೋದರೆ 16 ಹೌದು. 2(2+2) ಅನ್ನುವುದನ್ನು ಒಂದೇ ಗಂಟಾಗಿ ಓದಿದರೆ 1. ಕ್ಯಾಲ್ಕುಲೇಟರ್‌ಗಳಲ್ಲೂ ಕೆಲವು 16 ತೋರಿಸುತ್ತವೆ, ಕೆಲವು 1 ತೋರಿಸುತ್ತವೆ. ತಪ್ಪು ಇರುವುದು ಆ ಬರವಣಿಗೆಯಲ್ಲಿ. ದೊಡ್ಡವರೇ ಒಪ್ಪದ ಒಪ್ಪಂದದ ಮೇಲೆ ಮಗುವಿಗೆ ಪರೀಕ್ಷೆ ಇಡಬೇಡಿ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಾನೂ ಬೋಡ್‌ಮಾಸ್ ಬಾಯಿಪಾಠ ಮಾಡಿದವನೇ ಮೇಡಂ" ಅಂದರು. ಬ್ರಾಕೆಟ್, ಭಾಗ, ಗುಣ, ಕೂಡು, ಕಳೆ ಅನ್ನುವ ಕ್ರಮ ನೆನಪಿಡಲು ಶಾಲೆಯಲ್ಲಿ ಕಲಿಸುವ ಸೂತ್ರ ಅದು. 12−5+3 ಎಷ್ಟು ಅಂತ ಕೇಳಿದೆ. ಕೂಡುವುದು ಮೊದಲು ಅಂದುಕೊಂಡು 4 ಅಂದರು. ಕೂಡುವುದು, ಕಳೆಯುವುದು ಎರಡಕ್ಕೂ ಸಮಾನ ಜಾಗ, ಎಡದಿಂದ ಹೋಗಬೇಕು, 10 ಬರುತ್ತದೆ ಅಂತ ಹಾಳೆಯ ಮೇಲೆ ತೋರಿಸಿದೆ. ಅವತ್ತಿನಿಂದ ರಾತ್ರಿಯ ಒಗಟು ನಿಂತಿತು.

ಗಣಿತದ ಟೀಚರ್ ಒಪ್ಪಲಿಲ್ಲ. ಪೆನ್ಸಿಲ್ × ಅಂದರೆ ಊರುಗೋಲು ಕೊಟ್ಟ ಹಾಗೆ, ಆಮೇಲೆ ಬಿಡಿಸುವುದು ಕಷ್ಟ ಅಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಮುಂದಿನ ತರಗತಿಗಳಲ್ಲಿ × ಹಾಕುತ್ತಾ ಕೂತರೆ ಎಕ್ಸ್ ಜೊತೆ ಗೊಂದಲ ಗ್ಯಾರಂಟಿ. ಆದರೂ ನಾನು ಪಟ್ಟು ಬಿಡಲಿಲ್ಲ. ಹೊಟ್ಟೆನೋವಿನಿಂದ ರಾತ್ರಿ ಎದ್ದು ಕೂರುವ ಮಗುವಿಗೆ ಮೊದಲು ಬೇಕಾದ್ದು ಕಾಲ ಕೆಳಗೆ ನೆಲ. ಎಕ್ಸ್ ಬರುವ ಹೊತ್ತಿಗೆ × ಬದಲು ಚುಕ್ಕಿ ಇಡಲಿ ಅಂದೆ. "ಅಜಾಗರೂಕತೆ" ಅಂತ ಬರೆಯುವ ಮೊದಲು ಒಂದೇ ಒಂದು ಸಲ "ಇದು ಹೇಗೆ ಬಂತು?" ಅಂತ ಕೇಳಿ ಅಂತಲೂ ಕೇಳಿಕೊಂಡೆ.

ಎರಡು ತಿಂಗಳ ನಂತರ ತಾಯಿ ಫೋನ್ ಮಾಡಿದ್ದರು. ಹೊಟ್ಟೆನೋವು ಇಲ್ಲ. ಉತ್ತರಪತ್ರಿಕೆ ಈಗ ಮಡಚದೆ ತರುತ್ತಾಳೆ. ಅಂಕ ಇನ್ನೂ ಸಾಧಾರಣವೇ. "ಆದ್ರೆ ಪರೀಕ್ಷೆಯಲ್ಲೂ ಬ್ರಾಕೆಟ್ ಪಕ್ಕ ಆ ಸಣ್ಣ ಚುಕ್ಕಿ ಇಡ್ತಾಳೆ ಮೇಡಂ. ಬಿಡಿಸ್ಲಾ?"

ಅವಳೇ ಬಿಡುವವರೆಗೆ ಇರಲಿ ಅಂದೆ.